ಹಲ್ಲಿನ ಡಾಕ್ಟರ ಟಾಫಿ

ಇಲ್ಲ ಇಲ್ಲ, ಮಾತಾಡ್ಬೇಡ ಮಿರ್ನಾ. ಬಾಯಿ ತೆಗಿ ಅಂದ್ನಲ್ಲ. ಬಾಯಿ ತೆಗಿ ಅಂದ್ರೆ ಮಾತಾಡು ಅಂತಲ್ಲ. ಇನ್ನೂ ಅಗಲ... ಹಾಂ, ಹಂಗೇ. ತಲೆ ಸ್ವಲ್ಪ ಹಿಂದಕ್ಕೆ. ಈ ಹತ್ತಿ ಕೆನ್ನೆ ಒಳಗೆ ಇಟ್ಬಿಡ್ತೀನಿ, ಇನ್ನೊಂದು ನಾಲಿಗೆ ಪಕ್ಕಕ್ಕೆ... ಆಯ್ತು. ಇನ್ನು ನೀನು ಏನೂ ಹೇಳೋ ಹಂಗಿಲ್ಲ, ನಾನು ಹೇಳ್ತೀನಿ. ನೋವಾದ್ರೆ ಎಡಗೈ ಎತ್ತು. ಇಲ್ದಿದ್ರೆ ಸುಮ್ನೆ ಮಲಗಿರು.

ಯಾಕೆ ಕೈ ಎತ್ತಿದೆ? ನಾನಿನ್ನೂ ಮುಟ್ಟೇ ಇಲ್ಲ.

ಓ, ಇದಾ? ಕರವಸ್ತ್ರದಲ್ಲಿ ಸುತ್ಕೊಂಡು ಬಂದಿದ್ದೀಯ. ಕೊಡು ನೋಡೋಣ... ಅಯ್ಯೋ ದೇವರೇ. ಇದು ನಿನ್ನ ದವಡೆ ಹಲ್ಲಿನ ಕ್ಯಾಪು. ನಾನೇ ಕೂರಿಸಿದ ಕ್ಯಾಪು. ಅದರ ಸುತ್ತ ಇರೋದು ನಾನೇ ಮಾಡಿದ ಟಾಫಿ. ನೋಡು, ಹೆಂಗೆ ಕಚ್ಕೊಂಡಿದೆ, ತವರಿಗೆ ಬಂದ ಮಗಳನ್ನ ತಾಯಿ ತಬ್ಕೊಂಡ ಹಂಗೆ. ನಾನು ಹಾಕಿದ ಸಿಮೆಂಟಿಗಿಂತ ನಾನು ಕಾಸಿದ ಪಾಕವೇ ಗಟ್ಟಿ ಅಂತಾಯ್ತು. ಇದಕ್ಕೆ ಹೆಮ್ಮೆ ಪಡ್ಬೇಕೋ ನಾಚ್ಕೋಬೇಕೋ ಗೊತ್ತಾಗ್ತಿಲ್ಲ.

ನಗಬೇಡ ಮಾರಾಯ್ತಿ, ಹತ್ತಿ ಬಿದ್ಹೋಗುತ್ತೆ.

ನಂಗೊತ್ತು ನೀನು ಏನು ಹೇಳೋಕೆ ಹೊರಟೆ ಅಂತ. ಬೇಲಿಯೇ ಎದ್ದು ಹೊಲ ಮೇಯ್ತು, ಹಲ್ಲಿನ ಡಾಕ್ಟರೇ ಊರಿಗೆಲ್ಲ ಟಾಫಿ ಹಂಚಿ ಆಮೇಲೆ ಕುರ್ಚಿ ಒರೆಸಿಟ್ಕೊಂಡು ಕಾಯ್ತಾನೆ, ಇದೇ ತಾನೇ? ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಇದನ್ನ ಹೊಸ ಜೋಕು ಅಂದ್ಕೊಂಡು ಹೇಳೋರು ಈ ಊರಲ್ಲಿ ಇದ್ದೇ ಇದ್ದಾರೆ. ಹೇಳ್ಲಿ. ನಾನೂ ಪ್ರತಿ ವರ್ಷ ಹೊಸದಾಗಿ ನಗ್ತೀನಿ. ಈ ಕೊಳವೆ ನೀನೇ ಹಿಡ್ಕೊ, ಎಂಜಲು ಎಳ್ಕೊಳ್ಳುತ್ತೆ. ನರ್ಸಿಗೆ ಹಬ್ಬದ ರಜೆ ಕೊಟ್ಟಿದ್ದೀನಿ, ಇವತ್ತು ರೋಗಿನೂ ನೀನೇ ನರ್ಸೂ ನೀನೇ. ಹಂಗಲ್ಲ, ತುದಿ ಒಳಗೆ. ಹಾಂ.

ಕ್ಯಾಪಿನ ಮೇಲಿಂದ ಟಾಫಿ ಬಿಡಿಸೋಕೆ ಸ್ವಲ್ಪ ಹೊತ್ತು ಬೇಕು. ಬಿಸಿನೀರಲ್ಲಿ ಇಟ್ಟಿರ್ತೀನಿ. ಅಷ್ಟರಲ್ಲಿ ಕೇಳು, ಈ ಟಾಫಿ ಕಥೆ ಕೇಳಿದ್ರೆ ನಿನ್ನ ಹಲ್ಲು ಹೋದ್ರೂ ಚಿಂತೆ ಇಲ್ಲ ಅಂತೀಯ.

ಆರ್ಡಿಸ್ ನನ್ನ ಕಟ್ಕೊಂಡ ವರ್ಷದಿಂದ ಕ್ರಿಸ್‌ಮಸ್‌ಗೆ ಟಾಫಿ ಮಾಡ್ತಾ ಬಂದಿದ್ದಾಳೆ. ನಿಂಗೆ ಹೇಳ್ಬೇಕಾ, ಒಂದನೇ ಕ್ಲಾಸಿಂದ ಅವಳ ಪಕ್ಕ ಕೂತೋಳು ನೀನು. ಕೆಂಪು ತಗಡಿನ ಡಬ್ಬಿ, ಬಿಳಿ ರಿಬ್ಬನ್. ಅಂಚೆಯವನಿಗೆ, ಹಿಮ ತಳ್ಳೋ ಗಾಡಿಯವನಿಗೆ, ಚರ್ಚಲ್ಲಿ ಆರ್ಗನ್ ನುಡಿಸೋ ಅಜ್ಜಿಗೆ, ನನ್ನ ರೋಗಿಗಳಿಗೆ, ರೋಗಿಗಳಾಗಬಹುದಾದವರಿಗೆ. ಡಬ್ಬಿ ಬರೋವರೆಗೂ ಈ ಊರಲ್ಲಿ ಹಬ್ಬ ಶುರುವಾಗಲ್ಲ. ಡಬ್ಬಿ ಬಂದಿಲ್ಲ ಅಂದ್ರೆ ಜನ ಕೇಳ್ತಾರೆ, ಯಾಕೆ, ಏನಾಯ್ತು, ಆರ್ಡಿಸ್ ಎಲ್ಲಿ... ಕೇಳೇ ಕೇಳ್ತಾರೆ.

ಈ ಸಲ ಅವಳು ಊರಲ್ಲಿಲ್ಲ, ಗೊತ್ತಲ್ಲ ನಿಂಗೆ. ಡುಲೂತ್‌ನಲ್ಲಿ ಅವಳ ತಂಗಿ ಲವಾನ್, ಪಾಪ, ಮಂಜುಗಡ್ಡೆ ಮೇಲೆ ಜಾರಿ ಬಿದ್ದು ಸೊಂಟ ಮುರ್ಕೊಂಡ್ಲು. ಅಕ್ಟೋಬರ್‌ನಲ್ಲಿ. ನೋಡ್ಕೊಳ್ಳೋಕೆ ಯಾರೂ ಇಲ್ಲ, ಆರ್ಡಿಸ್ ಹೋಗ್ಲೇಬೇಕಾಯ್ತು.

ಯಾಕೆ ಹುಬ್ಬು ಏರಿಸ್ತೀಯ? ಅಕ್ಟೋಬರ್‌ನಲ್ಲಿ ಮಂಜುಗಡ್ಡೆ ಎಲ್ಲಿಂದ ಬಂತು ಅಂತಾನಾ? ಡುಲೂತ್ ನಮಗಿಂತ ಉತ್ತರಕ್ಕಿದೆ ಕಣಮ್ಮ. ಅಲ್ಲಿ ಬೇಗ ಕಟ್ಟುತ್ತೆ.

ಹೂಂ, ಕಥೆಗೆ ಬರ್ತೀನಿ. ಟಾಫಿ ನಾನೇ ಮಾಡ್ತೀನಿ ಅಂತ ಹೊರಟೆ. ಏನಿರುತ್ತೆ ಅದರಲ್ಲಿ? ಬೆಣ್ಣೆ, ಸಕ್ಕರೆ, ಚಿಟಿಕೆ ಉಪ್ಪು. ಕಾಸಿ ಹರಡಿ, ಮೇಲೆ ಚಾಕೊಲೇಟ್ ಸವರಿ, ಬಾದಾಮಿ ಚೂರು ಉದುರಿಸಿದ್ರೆ ಮುಗೀತು. ಹಲ್ಲಿನ ನರಕ್ಕೆ ಕೈ ಹಾಕೋನಿಗೆ ಬೆಣ್ಣೆ ಸಕ್ಕರೆ ಯಾವ ಲೆಕ್ಕ ಅಂದ್ಕೊಂಡೆ. ಮೊದಲು ಅವಳ ತಾಮ್ರದ ಪಾತ್ರೆ ಹುಡುಕಿದೆ. ಸಿಗ್ಲಿಲ್ಲ. ಪಾಕದ ಕಾವು ನೋಡೋ ಥರ್ಮಾಮೀಟರ್ ಹುಡುಕಿದೆ, ಅದೂ ಇಲ್ಲ. ಎರಡನ್ನೂ ತಗೊಂಡು ಹೋಗಿದ್ದಾಳೆ.

ಸೊಂಟ ಮುರಿದೋಳ ಮನೆಗೆ ತಾಮ್ರದ ಪಾತ್ರೆ ಯಾಕೆ ಅಂತ ನನ್ನ ಕೇಳ್ಬೇಡ. ಹೆಂಗಸರು ಏನು ಯಾಕೆ ಕಟ್ಕೊಂಡು ಹೋಗ್ತಾರೆ ಅಂತ ಯಾವ ಗಂಡನಿಗೆ ಗೊತ್ತು.

ಸರಿ, ಅಲ್ಯೂಮಿನಿಯಂ ಪಾತ್ರೆ ಇಟ್ಟೆ. ನಾವು ಬೇಸಿಗೆಯಲ್ಲಿ ಕೆರೆ ದಂಡೆಗೆ ಹೋಗುವಾಗ ಜೋಳ ಬೇಯಿಸೋಕೆ ಒಯ್ತಿದ್ವಲ್ಲ, ಅದೇ, ತಳ ಕಾಗದದ ಹಂಗೆ. ಬೆಣ್ಣೆ ಕರಗಿತು, ಸಕ್ಕರೆ ಹಾಕ್ದೆ, ಕೈಯಾಡಿಸ್ತಾ ಇದ್ದೆ, ಎಲ್ಲಾ ಚೆನ್ನಾಗೇ ಇತ್ತು. ಅಷ್ಟರಲ್ಲಿ ಪಕ್ಕದ ಮನೆ ಲೊವೆಲ್ ಹಿಮ ತೆಗೆಯೋ ಸಲಿಕೆ ವಾಪಸ್ ಕೊಡೋಕೆ ಬಂದ. ಬಾಗಿಲಲ್ಲಿ ಹಂಗೇ ಎರಡು ಮಾತಾಡಿದೆ. ಕೆರೆ ಮೇಲೆ ಮಂಜುಗಡ್ಡೆ ಈ ಸಲ ಎಷ್ಟು ದಪ್ಪ ಕಟ್ಟಿದೆ, ಅದರ ಮೇಲೆ ಕೂತು ಮೀನು ಹಿಡಿಯೋ ಗುಡಿಸಲನ್ನ ಎಳ್ಕೊಂಡು ಹೋಗಬಹುದೋ ಇಲ್ವೋ, ಹಿಂದೆ ಒಂದ್ಸಲ ನಮ್ಮಪ್ಪನ ಟ್ರಕ್ ಗಡ್ಡೆ ಒಡ್ಕೊಂಡು ಮುಳುಗಿದ್ದು... ಆ ಕಥೆ ನಿಂಗೆ ಹೇಳಿದ್ದೀನಿ ಅಲ್ವಾ? ಹೇಳಿದ್ದೀನಿ. ತಲೆ ಅಷ್ಟು ಜೋರಾಗಿ ಆಡಿಸ್ಬೇಡ.

ಲೊವೆಲ್ ಮಧ್ಯ ಮಧ್ಯ ಏನೋ ಹೇಳೋಕೆ ಬಾಯಿ ತೆಗೀತಾನೆ. ನಾನು 'ತಡಿಯಯ್ಯ, ಇದೊಂದು ಮುಗಿಸ್ತೀನಿ' ಅಂತೀನಿ. ಅವನು ಮತ್ತೆ ತೆಗೀತಾನೆ. ನಾನು ಮತ್ತೆ ತಡಿ ಅಂತೀನಿ. ಅವನು ಹೇಳೋಕೆ ಒದ್ದಾಡ್ತಿದ್ದಿದ್ದು ಏನು ಗೊತ್ತಾ? ನಿನ್ನ ಬೆನ್ನ ಹಿಂದೆ ಹೊಗೆ ಬರ್ತಿದೆ ಅಂತ.

ಲೊವೆಲ್ಲೇ ಫೋನ್ ಮಾಡ್ದ. ಅಗ್ನಿಶಾಮಕದವರು ಬಂದ್ರು. ಹೆಂಗೆ ಬಂದ್ರು ಕೇಳು. ಚರ್ಚಲ್ಲಿ ಕ್ರಿಸ್‌ಮಸ್ ನಾಟಕದ ತಾಲೀಮು ನಡೀತಿತ್ತು. ಈ ಊರಲ್ಲಿ ಬೆಂಕಿ ಆರಿಸೋರೂ ಅವರೇ, ನಕ್ಷತ್ರ ನೋಡ್ಕೊಂಡು ಬರೋ ಪೂರ್ವದೇಶದ ಜ್ಞಾನಿಗಳೂ ಅವರೇ ಅಲ್ವಾ. ಬಟ್ಟೆ ಬದಲಾಯಿಸೋಕೂ ಪುರುಸೊತ್ತಿಲ್ದೆ ಓಡಿ ಬಂದಿದ್ದಾರೆ. ಗಸ್ ಕಿರೀಟದ ಮೇಲೇ ಹೆಲ್ಮೆಟ್ ಹಾಕಿದ್ದ. ನೇರಳೆ ನಿಲುವಂಗಿ, ಹತ್ತಿ ಗಡ್ಡ, ಕೈಯಲ್ಲಿ ನೀರಿನ ಪೈಪು. ಹಿಂದೆ ಒಬ್ಬ ಕುರುಬನ ವೇಷದೋನು ಕೊಡಲಿ ಹಿಡ್ಕೊಂಡು. ಗಸ್ ಅಡುಗೆಮನೆಗೆ ಬಂದು ಪಾತ್ರೆ ಒಳಗೆ ಇಣುಕಿ ನೋಡ್ದ. 'ಡಾಕ್ಟ್ರೇ, ರಸ್ತೆಗೆ ಹಾಕೋ ಡಾಂಬರನ್ನ ಮನೇಲಿ ಯಾಕೆ ಕಾಸ್ತಿದ್ದೀರ?' ಅಂದ.

ನಗು ಪರವಾಗಿಲ್ಲ, ಈಗ ನಗು. ಹತ್ತಿ ನಾನು ಹಿಡ್ಕೊಂಡಿದ್ದೀನಿ.

ನಾನೂ ಬಿಡ್ಲಿಲ್ಲ. ಬಂದೋನನ್ನ ಅಲ್ಲೇ ಕುರ್ಚಿ ಮೇಲೆ ಕೂರಿಸಿ ಬಾಯಿ ತೆಗೆಸಿದೆ. ವರ್ಷದಿಂದ ತಪ್ಪಿಸ್ಕೊಂಡು ಓಡಾಡ್ತಿದ್ದ, ಮೇಲಿನ ಹಲ್ಲು ಹುಳುಕಾಗಿದೆ. ಗಡ್ಡ ಪಕ್ಕಕ್ಕೆ ಸರಿಸಿ ನೋಡ್ಬೇಕಾಯ್ತು. ಹೋಗುವಾಗ ಗಸ್ ನನ್ನ ಹೆಗಲ ಮೇಲೆ ಕೈ ಇಟ್ಟು, 'ಡಾಕ್ಟ್ರೇ, ಊಟಕ್ಕೆ ನಮ್ಮನೆಗೆ ಬರ್ತಾ ಇರಿ' ಅಂದ. ನಾನು 'ಯಾಕಪ್ಪ, ಲವಾನ್ ಭುಜ ಸರಿಹೋದ ಮೇಲೆ ಆರ್ಡಿಸ್ ಬಂದೇ ಬರ್ತಾಳೆ' ಅಂದೆ.

ಸೊಂಟ ಅಂದ್ನಾ ಆಗ? ಸೊಂಟನೇ. ಭುಜ ಆಮೇಲೆ. ಸೊಂಟ ಮುರಿದೋಳು ಊರುಗೋಲು ಹಿಡಿದ್ರೆ ಭಾರ ಎಲ್ಲಾ ಎಲ್ಲಿಗೆ ಬರುತ್ತೆ? ಭುಜಕ್ಕೆ. ನಾನು ಡಾಕ್ಟ್ರು ಮಿರ್ನಾ, ನಂಗೊತ್ತು.

ಎರಡನೇ ಸಲದ್ದು ಬಿಡು, ಹೇಳೋಕೇ ಬೇಜಾರು. ಹೊಗೆಯ ಹೆದರಿಕೆಗೆ ಉರಿ ಸಣ್ಣ ಮಾಡ್ದೆ, ಬೇಗ ಆಗ್ಲಿ ಅಂತ ದೊಡ್ಡದು ಮಾಡ್ದೆ, ಮತ್ತೆ ಸಣ್ಣ ಮಾಡ್ದೆ. ಬೆಣ್ಣೆ ಮುನಿಸ್ಕೊಂಡು ಮೇಲೆ ತೇಲಿತು, ಸಕ್ಕರೆ ಕೆಳಗೆ ಗಂಟು ಹಾಕ್ಕೊಂಡು ಕೂತ್ಕೊಂಡಿತು. ಒಂದೇ ಪಾತ್ರೆ ಒಳಗೆ ಇಬ್ಬರು, ಒಬ್ಬರ ಮುಖ ಒಬ್ಬರು ನೋಡಲ್ಲ. ಎಷ್ಟು ಕಲಕಿದ್ರೂ ಕೂಡ್ಲಿಲ್ಲ.

...ಏನಿಲ್ಲ. ಕ್ಯಾಪು ನೋಡ್ತಿದ್ದೆ. ಟಾಫಿ ಬಿಡ್ತಾ ಇದೆ.

ಮೂರನೇದು ಕೇಳು, ಅದು ಮಜಾ. ಈ ಸಲ ಬೆಣ್ಣೆ ಸಕ್ಕರೆ ಎರಡೂ ಕೂಡಿದ್ವು, ಬಣ್ಣ ಬಂತು, ಘಮ ಬಂತು. ಆದ್ರೆ ನಂಗೆ ಅವಸರ ನೋಡು, ಪಾಕ ಇನ್ನೂ ಎಳಸಾಗಿರುವಾಗಲೇ ಇಳಿಸಿಬಿಟ್ಟೆ. ತಟ್ಟೆಗೆ ಸುರಿದು ತಣ್ಣಗಾಗ್ಲಿ ಅಂತ ಹಿತ್ತಲ ಮೆಟ್ಟಿಲ ಮೇಲೆ, ಹಿಮದಲ್ಲಿ ಇಟ್ಟೆ. ಲೊವೆಲ್ ನಾಯಿ ಗೊತ್ತಲ್ಲ, ಆ ಕರಡಿ ಗಾತ್ರದ್ದು, ಅಂಚೆಯವನ್ನ ಕಂಡ್ರೆ ಊರು ಒಂದು ಮಾಡುತ್ತಲ್ಲ. ಅದು ಬಂದು ಒಂದು ದೊಡ್ಡ ತುಂಡು ಎಳ್ಕೊಂಡು ಬಾಯಿಗೆ ಹಾಕ್ಕೊಂಡಿದೆ. ಅಷ್ಟೇ. ಮೇಲಿನ ದವಡೆ ಕೆಳಗಿನ ದವಡೆ ಎರಡೂ ಒಂದಾಗಿಹೋದ್ವು. ಅಂಚೆಯವನು ಬಂದ, ಎದುರೇ ನಿಂತ, ನಾಯಿ ಅವನ ಮುಖ ನೋಡುತ್ತೆ, ಕಣ್ಣಲ್ಲೇ ಬೊಗಳುತ್ತೆ, ಬಾಯಿ ಬರ್ತಿಲ್ಲ. ಅಂಚೆಯವನು ಮೊದಲನೇ ಸಲ ಅದರ ತಲೆ ಸವರಿ ಹೋದ.

ಲೊವೆಲ್ ಬಂದ. ಬೈತಾನೆ ಅಂತ ನಾನು ತಯಾರಾಗಿ ನಿಂತಿದ್ದೆ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ಮೆಲ್ಲಗೆ ಕೇಳ್ದ, 'ಆರ್ಲೋ, ಅದು ಇನ್ನೂ ಸ್ವಲ್ಪ ಇದ್ಯಾ?'

ನಾಯಿಗೆ ಏನೂ ಆಗ್ಲಿಲ್ಲ, ಹೆದರ್ಬೇಡ. ನಾನೇ ಬಿಸಿನೀರು ಹಾಕಿ ಬಾಯಿ ಬಿಡಿಸಿದೆ. ಒಳ್ಳೇ ಹಲ್ಲು ಅದರದ್ದು, ಗಸ್‌ಗಿಂತ ವಾಸಿ.

ಆದ್ರೆ ಬುದ್ಧಿ ನೋಡು ನಂದು. ನಾಯಿಗೆ ಹಂಗಾಗಿದ್ದು ನೋಡಿದ ಮೇಲೂ, ರುಚಿ ಹೆಂಗಿದ್ಯೋ ಅಂತ ಒಂದು ತುಂಡು ನಾನೂ ಬಾಯಿಗೆ ಹಾಕ್ಕೊಂಡೆ. ಕಚ್ಚಿದೆ. ಅಲ್ಲಿಗೆ ಮುಗೀತು. ಬಾಯಿಗೆ ಬೀಗ. ಅದೇ ಹೊತ್ತಿಗೆ ಫೋನ್ ಬಂತು, ಪಾಸ್ಟರ್ ಎಂಗೆನ್. 'ಆರ್ಲೋ, ಹೇಗಿದ್ದೀರಿ?' ಅಂದ್ರು. ನಾನು 'ಮ್ಮ್' ಅಂದೆ. 'ಆರ್ಲೋ?' ಅಂದ್ರು. 'ಮ್ಮ್ ಮ್ಮ್' ಅಂದೆ. ನಾನು ಮಾತಾಡ್ದೆ ಇರೋದನ್ನ ಆ ಮನುಷ್ಯ ಹಿಂದೆ ಯಾವತ್ತೂ ಕೇಳಿಲ್ಲವಲ್ಲ. ಆಮೇಲೆ ದನಿ ತಗ್ಗಿಸಿ, 'ಅಳು ಬಂದ್ರೆ ಅತ್ತುಬಿಡಿ ಆರ್ಲೋ. ಮನೆ ನಿಶ್ಶಬ್ದವಾಗಿರುತ್ತೆ ಈಗ, ನಮಗೆಲ್ಲ ಅರ್ಥ ಆಗುತ್ತೆ' ಅಂದ್ರು. ಫೋನಲ್ಲೇ ಪ್ರಾರ್ಥನೆ ಮಾಡಿದ್ರು, ಉದ್ದದ್ದು. ನಾನು ಮಧ್ಯೆ ಮಧ್ಯೆ 'ಮ್ಮ್' ಅಂತಿದ್ದೆ. ಆಮೆನ್ ಅನ್ನೋಕೂ ಆಗ್ಲಿಲ್ಲ.

ಅಲ್ಲ, ನಾದಿನಿ ಸೊಂಟಕ್ಕೆ ಯಾರಾದ್ರೂ ಅಳ್ತಾರಾ? ಒಳ್ಳೇ ಮನುಷ್ಯ, ಸ್ವಲ್ಪ ಅತಿ, ಅಷ್ಟೇ.

ಬಾಯಿ ಇನ್ನೂ ಅಗಲ. ಹಲ್ಲು ಒಣಗಿಸ್ಬೇಕು, ಗಾಳಿ ಬಿಡ್ತೀನಿ, ತಣ್ಣಗಿರುತ್ತೆ... ಆಯ್ತು ಆಯ್ತು.

ಎಲ್ಲಿದ್ದೆ? ಹಾಂ, ಬಾಯಿ ಅಂಟಿಕೊಂಡಿತ್ತು. ಟಾಫಿ ಕರಗೋವರೆಗೂ ಸುಮ್ನೆ ಯಾಕೆ ಕೂರ್ಲಿ ಅಂತ ಇನ್ನೊಂದು ಪಾಕ ಇಟ್ಟೆ. ಮಿರ್ನಾ, ನಾನು ಆ ಅಡುಗೆಮನೇಲಿ ಎಷ್ಟು ವರ್ಷ ಓಡಾಡಿದ್ದೀನಿ. ಆದ್ರೆ ಪಾಕಕ್ಕೆ ಸದ್ದಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಮೊದಲು ಚಟಪಟ ಅನ್ನುತ್ತೆ, ಬೆಣ್ಣೆಯ ನೀರು ಹಾರೋವರೆಗೂ. ಆಮೇಲೆ ಸಣ್ಣಗೆ ಗುಸುಗುಸು, ಪಕ್ಕದ ಕೋಣೇಲಿ ಹೆಂಗಸರು ಮಾತಾಡ್ಕೊಂಡ ಹಂಗೆ. ಆಮೇಲೆ ನಿಧಾನ ಆಗುತ್ತೆ. ಗುಳ್ಳೆ ದಪ್ಪ ಆಗುತ್ತೆ, ಒಂದು ಏಳುತ್ತೆ, ಒಡೆಯುತ್ತೆ, ಸ್ವಲ್ಪ ಬಿಟ್ಟು ಇನ್ನೊಂದು... ತೊಪ್... ತೊಪ್... ಅಂತ. ಬಾದಾಮಿ ಸಿಪ್ಪೆ ಬಣ್ಣ ಬಂದಿರುತ್ತೆ ಅಷ್ಟೊತ್ತಿಗೆ. ಅದೇ ಹದ. ಥರ್ಮಾಮೀಟರೂ ಬೇಡ ಏನೂ ಬೇಡ.

ಆರ್ಡಿಸ್ ಟಾಫಿ ಮಾಡುವಾಗೆಲ್ಲ ನನ್ನ ಅಡುಗೆಮನೆಯಿಂದ ಆಚೆ ಕಳಿಸ್ತಿದ್ಲು. 'ಆರ್ಲೋ, ನಂಗೆ ಪಾತ್ರೆ ಕೇಳಿಸ್ತಿಲ್ಲ' ಅನ್ನೋಳು. ನಾನು ತಮಾಷೆ ಅಂದ್ಕೊಂಡಿದ್ದೆ. ಬಾಗಿಲ ಹತ್ರ ನಿಂತು 'ಪಾತ್ರೆ ಏನಂತೆ, ನನ್ನ ಬಗ್ಗೆ ಏನಾದ್ರೂ ಹೇಳ್ತಾ?' ಅಂತ ಕೇಳ್ತಾನೇ ಇರ್ತಿದ್ದೆ. ಅವಳು ನಗ್ತಿದ್ಲು. ಮೊದಮೊದಲು ನಗ್ತಿದ್ಲು.

ಸರಿ. ಅದು ಸರಿಯಾಗಿ ಬಂತು. ತಟ್ಟೆಗೆ ಸುರಿದೆ, ಚಾಕೊಲೇಟ್ ಹಾಕಿ ಕರಗಿದ ಮೇಲೆ ಸವರಿದೆ, ಬಾದಾಮಿ ಉದುರಿಸಿದೆ. ತಣ್ಣಗಾದ ಮೇಲೆ ಹಲ್ಲಿನ ಸುತ್ತಿಗೆಯಿಂದ ತಟ್ಟಿದೆ. ಹಂಗೆ ನೋಡ್ಬೇಡ, ಹೊಸ ಸುತ್ತಿಗೆ. ಟಕ್ ಅಂತ ಒಡೀತು, ಗಾಜಿನ ಹಂಗೆ. ಒಂದು ಚೂರು ಬಾಯಿಗೆ ಹಾಕ್ಕೊಂಡೆ. ಅದೇ ರುಚಿ ಮಿರ್ನಾ. ಅವಳದ್ದೇ ರುಚಿ. ಯಾರಿಗಾದ್ರೂ ಹೇಳೋಣ ಅಂತ ಹಿಂದಕ್ಕೆ ತಿರುಗಿದೆ.

ಆಮೇಲೆ ಏನು, ಡಬ್ಬಿ ತುಂಬಿದೆ, ರಿಬ್ಬನ್ ಕಟ್ಟಿದೆ. ರಿಬ್ಬನ್ ಗಂಟು ನೋಡಿದ್ಯಲ್ಲ? ಹಲ್ಲು ಕಿತ್ತ ಮೇಲೆ ಹೊಲಿಗೆ ಹಾಕ್ತೀವಲ್ಲ, ಆ ಗಂಟು. ಜನ್ಮದಲ್ಲಿ ಬಿಚ್ಚಲ್ಲ. ಲೊವೆಲ್ ಕೊನೆಗೆ ಗಿಡ ಕತ್ತರಿಸೋ ಕತ್ತರಿ ತಂದ್ನಂತೆ. 'ಆರ್ಲೋ ಮತ್ತು ಆರ್ಡಿಸ್ ಇಂದ' ಅಂತ ಎಲ್ಲಾದರ ಮೇಲೂ ಚೀಟಿ ಅಂಟಿಸಿದೆ. ಯಾಕೆ ಅಂಟಿಸ್ಬಾರ್ದು? ಪ್ರತಿ ವರ್ಷ ಹಂಗೇ ತಾನೇ ಇರೋದು. ಮನೆ ಮನೆಗೆ ನಾನೇ ಹೋಗಿ ಕೊಟ್ಟೆ. ಎಲ್ಲರೂ 'ಆರ್ಡಿಸ್ ಹೆಂಗಿದ್ದಾಳೆ' ಅಂತ ಕೇಳಿದ್ರು, ಎಲ್ಲರಿಗೂ ಲವಾನ್ ಕಥೆ ಹೇಳ್ದೆ. ಹೇಳ್ತಾ ಹೇಳ್ತಾ, ನಿಜ ಹೇಳ್ಬೇಕು ಅಂದ್ರೆ, ಸ್ವಲ್ಪ ಬೆಳೀತು ಅದು. ಆರ್ಗನ್ ಅಜ್ಜಿ ಹತ್ರ ಹೋಗೋ ಹೊತ್ತಿಗೆ ಲವಾನ್ ಏಣಿಯಿಂದ ಬಿದ್ದಿದ್ಲು. ಅಂಚೆಯವನ ಹತ್ರ ಕುದುರೆಯಿಂದ. ಆ ಅಜ್ಜಿ ಮುಖ ನೋಡ್ಬೇಕಿತ್ತು ನೀನು, ತುಟಿ ಬಿಗಿಹಿಡ್ಕೊಂಡು, ಕಣ್ಣಲ್ಲಿ ನೀರು. ಅಷ್ಟು ಮರುಕ ನಮ್ಮ ಲವಾನ್ ಮೇಲೆ. ಮಾತಾಡೋಕಾಗ್ದೆ ಬಾಗಿಲು ಹಾಕ್ಕೊಂಡ್ಲು.

ನಿನ್ನ ಮನೆಗೂ ಬಂದೆ, ಕೆರೆ ಸುತ್ತಿ. ನೀನು ಒಳಗೆ ಬಾ ಅಂತ್ಲೂ ಅನ್ಲಿಲ್ಲ, ಬಾಗಿಲಿಗೆ ಅಡ್ಡ ನಿಂತ್ಕೊಂಡೇ ಡಬ್ಬಿ ತಗೊಂಡೆ. ಚಳೀಲಿ ನಿಲ್ಲಿಸಿ ಮಾತಾಡಿಸಿದೆ. ಬೇಜಾರಿಲ್ಲ, ಮನೆ ಗಲೀಜಿತ್ತೇನೋ.

ನೋಡು, ಕ್ಯಾಪು ಥಳಥಳ ಅಂತಿದೆ. ಸಿಮೆಂಟು ಹಾಕಿ ಕೂರಿಸ್ತೀನಿ... ಕಚ್ಚು. ಗಟ್ಟಿಯಾಗಿ. ಈ ಹತ್ತಿ ಸುರುಳಿ ಮೇಲೆ ಕಚ್ಕೊಂಡಿರು, ಬಿಡ್ಬೇಡ. ಅಂಟು ಹಿಡಿಯೋವರೆಗೂ ತುಟಿ ಪಿಟಕ್ ಅನ್ಬಾರ್ದು.

...

ನಾನಾದ್ರೂ ಏನಾದ್ರೂ ಹೇಳ್ಲಾ? ಬೇಡ್ವಾ. ಸರಿ.

...

ಆಯ್ತು, ತೆಗಿ. ಹತ್ತಿ ಎಲ್ಲಾ ತೆಗೀತೀನಿ. ಬಾಯಿ ಮುಕ್ಕಳಿಸು, ಅಲ್ಲಿ ಉಗಿ. ಹೆಂಗಿದೆ? ಎತ್ತರ ಅನ್ನಿಸ್ತಿದ್ಯಾ? ಪಕ್ಕದ ಹಲ್ಲಿಗೆ ತಾಗ್ತಿದ್ಯಾ?

ಮಾತಾಡು ಮಿರ್ನಾ, ಈಗ ಮಾತಾಡಬಹುದು.

ಇಂಜೆಕ್ಷನ್ನೇ ಕೊಟ್ಟಿಲ್ಲ ನಾನು, ನಾಲಿಗೆ ಮರಗಟ್ಟಿರೋಕೆ ಸಾಧ್ಯ ಇಲ್ಲ. ನೋವಿದ್ಯಾ? ಇಲ್ಲ. ಕೋಪವಾ? ಅಲ್ಲ. ಮತ್ತೆ ಯಾಕೆ ಹಂಗೆ ನೋಡ್ತಾ ಕೂತಿದ್ದೀಯ? ಬಾಯಲ್ಲಿ ಏನೂ ಇಲ್ಲದೆ ಈ ಕುರ್ಚೀಲಿ ಯಾರೂ ಸುಮ್ನೆ ಕೂತಿಲ್ಲ ಇವತ್ತಿನವರೆಗೂ. ಹೇಳು ಏನಾದ್ರೂ. ಹವಾಮಾನ ಹೇಳು. ನನ್ನ ಬೈ. ಹಲ್ಲು ಹೋಯ್ತು ಅಂತ ಬೈ.

ಲವಾನ್ ಭುಜ... ಸೊಂಟ...

ಗೊತ್ತಾ ನಿಂಗೆ?

ಹೂಂ. ಗೊತ್ತು ನಿಂಗೆ.

ಲವಾನ್ ಸೊಂಟಕ್ಕೆ ಏನೂ ಆಗಿಲ್ಲ. ಬುಧವಾರ ಬುಧವಾರ ಕುಣಿಯೋಕೆ ಹೋಗ್ತಾಳೆ ಅವಳು. ನಾನು ಫೋನ್ ಮಾಡಿದ್ರೆ, 'ಇಲ್ಲಿಲ್ಲ ಬಾವ, ಚೆನ್ನಾಗಿದ್ದಾಳೆ, ಎಲ್ಲಿದ್ದಾಳೆ ಅಂತ ನಾನು ಹೇಳಲ್ಲ' ಅಂತಾಳೆ. ನಾನು ಮಾತಾಡ್ತಾ ಇರ್ತೀನಿ. ರಿಸೀವರ್ ಮೇಜಿನ ಮೇಲಿಟ್ಟು ಪಾತ್ರೆ ತೊಳೀತಾಳೆ, ನಲ್ಲಿ ಸದ್ದು ಕೇಳುತ್ತೆ ನಂಗೆ.

ಊಟಕ್ಕೆ ಕೂತಿದ್ವಿ ಮಿರ್ನಾ, ಅಷ್ಟೇ. ಜಗಳ ಇಲ್ಲ, ಏನಿಲ್ಲ. ಅವಳು 'ಆರ್ಲೋ, ನಂಗೆ ಈ ನಡುವೆ...' ಅಂದ್ಲು. ನಾನು 'ಬೆನ್ನು ನೋವು' ಅಂದೆ. 'ಅಲ್ಲ, ನಾನು...' ಅಂದ್ಲು. 'ಹಂಗಾದ್ರೆ ಮಂಡಿ' ಅಂದೆ. ಚಮಚ ಕೆಳಗಿಟ್ಲು. 'ಬೇಸಿಗೆಯಿಂದ ಒಂದು ಮಾತು ಪೂರ್ತಿ ಹೇಳೋಕೆ ನೋಡ್ತಾ ಇದ್ದೀನಿ ಆರ್ಲೋ' ಅಂದ್ಲು. ನಾನೇನಂದೆ ಗೊತ್ತಾ? 'ಯಾವ ಮಾತು, ನಾನು ಹೇಳ್ಲಾ?' ಅಂದೆ. ಅವಳಿಗೂ ನಗು ಬಂತು. ನಗ್ತಾ ನಗ್ತಾನೇ ಎದ್ದು ಹೋಗಿ ಪೆಟ್ಟಿಗೆ ಕಟ್ಟಿದ್ಲು. ನಾನು ಅವಳ ಹಿಂದೆ ಹಿಂದೆ ಗಾಡಿವರೆಗೂ ಹೋದೆ, ಬೇರೆ ಏನೋ ಹೇಳ್ತಾ. ಏನು ಅಂತ ನೆನಪೇ ಇಲ್ಲ. ಚಕ್ರದ ಗಾಳಿ ವಿಷಯ ಇರ್ಬೇಕು.

ಈಗಲೂ ಸುಮ್ನೇ ಇದ್ದೀಯ.

ಎಲ್ಲಿದ್ದಾಳೆ ಅಂತ... ನಿಂಗೆ ಗೊತ್ತಾ?

ಮಿರ್ನಾ. ನಿನ್ನ ಮನೇಲಾ?

ಮಾಳಿಗೆ ಮೇಲೆ ಅಂತೀಯಾ? ಅಕ್ಟೋಬರಿಂದ? ಓ... ಅದಕ್ಕೇ ನೀನು ಬಾಗಿಲಿಗೆ ಅಡ್ಡ ನಿಂತಿದ್ದೆ. ಹಂಗಾದ್ರೆ ನಾನು ಅಲ್ಲಿ ನಿಂತು ಲವಾನ್ ಏಣಿಯಿಂದ ಬಿದ್ದಿದ್ದು ಹೇಳುವಾಗ... ಮೆಟ್ಟಿಲ ಮೇಲೆ ಕೂತು ಕೇಳ್ತಿದ್ಲಾ? ನಕ್ಳಾ? ನಿಜವಾಗ್ಲೂ? ದಿಂಬು ಬಾಯಿಗೆ ಒತ್ಕೊಂಡಾ?

ಇನ್ನು ಯಾರಿಗೆ ಗೊತ್ತು? ಲೊವೆಲ್‌ಗೆ? ಗಸ್‌ಗೂ? ಅಂದ್ರೆ ಅವನು ಆ ಕಿರೀಟ ಹಾಕ್ಕೊಂಡು ಊಟಕ್ಕೆ ಬಾ ಅಂದಿದ್ದು... ಪಾಸ್ಟರ್ ಅಳು ಅಂದಿದ್ದು... ಆರ್ಗನ್ ಅಜ್ಜಿ ತುಟಿ ಬಿಗಿಹಿಡಿದಿದ್ದು ಮರುಕಕ್ಕಲ್ಲ. ಊರಿಗೆ ಊರೇ ನಿಂತು ನಾನು ಕಟ್ಟಿದ ಸೊಂಟದ ಕಥೆ ಕೇಳ್ತಿತ್ತು. ಒಬ್ಬರಾದ್ರೂ 'ಬಿಡೋ ಆರ್ಲೋ, ಗೊತ್ತು' ಅನ್ಲಿಲ್ವಲ್ಲ. ...ಅನ್ನೋಕೆ ನಾನು ಬಿಟ್ಟಿದ್ರೆ ತಾನೇ ಅನ್ನೋದು. ಹೂಂ. ಆ ನೋಟ ಅರ್ಥ ಆಯ್ತು.

ಟಾಫಿ ತಿಂದ್ಲಾ?

ತಿಂದ್ಲು. ಏನಂದ್ಲು? ಚೆನ್ನಾಗಿತ್ತಂತಾ? ಹದ ಸರಿ ಇತ್ತಂತಾ? ಪಾತ್ರೆ ಕೇಳಿಸ್ಕೊಂಡು ಮಾಡಿದ್ದು ಅಂತ ಗೊತ್ತಾಯ್ತಾ ಅವಳಿಗೆ? ಹೇಳು ಮಿರ್ನಾ, ನಿನ್ನ ಕಾಲು ಹಿಡ್ಕೋತೀನಿ, ಇದೊಂದು ಹೇಳು.

ಕಿಟಕಿ ಕಡೆ ಏನು? ಹೊರಗೆ ಏನಿದೆ? ಹಿಮ ಬೀಳ್ತಿದೆ, ನಿನ್ನ ಗಾಡಿ...

ನಿನ್ನ ಗಾಡಿ ಅಲ್ಲ ಅದು. ಹಸಿರು ಗಾಡಿ. ನಮ್ಮ ಗಾಡಿ. ಇಂಜಿನ್ ಚಾಲೂ ಇದೆ. ಇಷ್ಟು ಹೊತ್ತೂ ಅಲ್ಲೇ ಕೂತಿದ್ಲಾ, ಈ ಚಳೀಲಿ? ನಿನ್ನ ಹಲ್ಲು ಬಿದ್ದಿದ್ದಕ್ಕೆ ಅವಳೇ ಕರ್ಕೊಂಡು ಬಂದ್ಲಾ? ಇಳೀತಿದ್ದಾಳೆ. ಮಿರ್ನಾ, ಇಳೀತಿದ್ದಾಳೆ. ಆ ನೀಲಿ ಟೋಪಿ... ಈ ಕಡೆನೇ ಬರ್ತಿದ್ದಾಳೆ. ನಾನು ಏನು ಹೇಳ್ಲಿ? ಮೊದಲು ಟಾಫಿ ವಿಷಯ ಹೇಳಿ, ಆಮೇಲೆ ಗಸ್ ಕಿರೀಟದ್ದು ಹೇಳಿ ನಗಿಸಿ, ಆಮೇಲೆ ಮೆಲ್ಲಗೆ ಊಟದ ದಿನದ್ದು... ಅಥವಾ ಮೊದಲೇ ಊಟದ ದಿನದ್ದು...

ಯಾಕೆ ತಲೆ ಅಲ್ಲಾಡಿಸ್ತೀಯ? ಅದೂ ಬೇಡ್ವಾ? ಏನೂ ಬೇಡ್ವಾ?

ಬಾ ಆರ್ಡಿಸ್. ಬಾ, ಒಳಗೆ ಬಾ. ಹಿಮ ಕೊಡವ್ಕೊ, ಕೋಟ್ ಇಲ್ಲಿ ಕೊಡು, ಕೈ ಎಷ್ಟು ತಣ್ಣಗಾಗಿದೆ, ಕಾಫಿ ಇಡ್ತೀನಿ, ನಿಂಗೆ ಹಸಿವೂ ಆಗಿರ್ಬೇಕು, ನಾನು...

ಇಲ್ಲ.

ಕೂತ್ಕೊ. ಆವತ್ತು ಊಟದ ಹೊತ್ತಲ್ಲಿ, 'ಆರ್ಲೋ, ನಂಗೆ ಈ ನಡುವೆ' ಅಂದಿದ್ದೆ.

ಹೇಳು.